ಕೋರಣ್ಯದ ಹಾಡು, ಬ್ಯಾಂಡಿನ ಹಾಡು

2020ರ ಆಗಸ್ಟ್ ತಿಂಗಳಲ್ಲಿ, ಗಣೇಶನ ಹಬ್ಬದ ಹೊತ್ತಿಗೆ, ಚಂದನ್ ಶೆಟ್ಟಿಯವರ 'ಕೋಲುಮಂಡೆ' ಎಂಬ ರ‍್ಯಾಪ್ ಹಾಡು ಬಂತು. ಕೆಲವೇ ದಿನಗಳಲ್ಲಿ ಹಿಂದಕ್ಕೂ ಹೋಯಿತು. ಅದರ ದೃಶ್ಯಗಳಲ್ಲಿ ಶರಣೆ ಸಂಕಮ್ಮನನ್ನು ಅಸಭ್ಯವಾಗಿ ತೋರಿಸಿದ್ದಾರೆಂದು ಮಲೆ ಮಹದೇಶ್ವರನ ಒಕ್ಕಲಿನವರು ಸಿಟ್ಟಿಗೆದ್ದರು. ಗಾಯಕರು ಕ್ಷಮೆ ಕೇಳಿದರು, ಯೂಟ್ಯೂಬಿನಿಂದ ಹಾಡನ್ನು ತೆಗೆಯಲಾಯಿತು. ಭಕ್ತರ ಭಾವನೆಗೆ ಧಕ್ಕೆ ಎಂಬ ಸಿದ್ಧ ಖಾನೆಯೊಳಗೆ ಪ್ರಕರಣವನ್ನು ಹಾಕಿ ಎಲ್ಲರೂ ಕೈತೊಳೆದುಕೊಂಡರು. ಹಿಂದಿನವರ ಹಾಡನ್ನು ಮುಂದಿನವರು ಎತ್ತಿಕೊಂಡಾಗ ಏನಾಗುತ್ತದೆ, ಏನಾಗಬೇಕು ಎಂಬ ಹಳೆಯ ಪ್ರಶ್ನೆ ಆ ಗದ್ದಲದಲ್ಲಿ ಕೇಳಿಸಲೇ ಇಲ್ಲ.

ಆ ಹಾಡಿನ ಹಿಂದಿನ ಲೆಕ್ಕ ನೋಡಿ. 'ಕೋಲುಮಂಡೆ' ಎಂಬ ಮಾತು ಪಟ್ಟಣದ ಬಹುಪಾಲು ಕನ್ನಡಿಗರ ಕಿವಿಗೆ ಬಿದ್ದದ್ದು 1996ರ 'ಜನುಮದ ಜೋಡಿ' ಸಿನಿಮಾದಿಂದ. ಟಿ.ಎಸ್. ನಾಗಾಭರಣರ ನಿರ್ದೇಶನ, ವಿ. ಮನೋಹರ್ ಸಂಗೀತ, ಎಲ್.ಎನ್. ಶಾಸ್ತ್ರಿಯವರ ಕಂಠ. ಶಾಸ್ತ್ರಿಯವರಿಗೆ ಅದಕ್ಕಾಗಿ ರಾಜ್ಯ ಪ್ರಶಸ್ತಿಯೂ ಬಂತು. ಆ ಸಿನಿಮಾದ ಕಥೆಯೂ ಕಡ ತಂದದ್ದೇ, ಪನ್ನಾಲಾಲ್ ಪಟೇಲರ 'ಮಳೇಲಾ ಜೀವ್' ಎಂಬ ಗುಜರಾತಿ ಕಾದಂಬರಿಯಿಂದ. ಅಂದರೆ 2020ರ ಹಾಡು 1996ರ ಹಾಡಿನ ನೆರಳು. 1996ರ ಹಾಡು ಕಂಸಾಳೆಯವರ ನೆರಳು. ಕಂಸಾಳೆಯವರು ಯಾರ ನೆರಳು ಎಂದು ಕೇಳಿದರೆ ಅವರು ಗುರುವಿನ ಹೆಸರು ಹೇಳುತ್ತಾರೆ, ಆ ಗುರು ತನ್ನ ಗುರುವಿನ ಹೆಸರು ಹೇಳುತ್ತಾನೆ.

ಸಂಕಮ್ಮನ ಕಥೆ ನಮ್ಮ ಓದುಗರಲ್ಲಿ ಕೆಲವರಿಗೆ ಹೊಸದಿರಬಹುದು. ಗಂಡ ನೀಲಯ್ಯ ಸೋಲಿಗ. ಕಾಡಿಗೆ ಹೊರಟು ನಿಂತಿದ್ದಾನೆ. ತಾನಿಲ್ಲದಾಗ ಹೆಂಡತಿ ಪರಗಂಡಸಿನ ಮುಖ ನೋಡಬಾರದು, ಅದಕ್ಕೆ ಕೈಮೇಲೆ ಕೈಯಿಟ್ಟು ಭಾಷೆ ಕೊಡಬೇಕು ಎನ್ನುತ್ತಾನೆ. ಆಕೆ ಭಾಷೆ ಕೊಡಲು ಒಪ್ಪುವುದಿಲ್ಲ. ತಪ್ಪು ಮಾಡದವಳು ಆಣೆ ಯಾಕಿಡಬೇಕು ಎಂಬುದು ಆಕೆಯ ಹಟ. ನೀಲಯ್ಯ ಹಿಂಸೆ ಕೊಡುತ್ತಾನೆ, ಕೊನೆಗೆ ಕಟ್ಟಿಹಾಕಿ ಕಾಡಿಗೆ ಹೋಗುತ್ತಾನೆ. ಆಗ ಭಿಕ್ಷುಕನ ವೇಷದಲ್ಲಿ ಮಾದಪ್ಪ ಬಾಗಿಲಿಗೆ ಬಂದು ಆಕೆಯನ್ನು ಬಿಡಿಸುತ್ತಾನೆ. ಆತನ ವರದಿಂದ ಹುಟ್ಟಿದವರು ಕಾರಯ್ಯ, ಬಿಲ್ಲಯ್ಯ. ಹೆಣ್ಣಿನ ಮೇಲಿನ ಅನುಮಾನವನ್ನು ಇಷ್ಟು ನಿಷ್ಠುರವಾಗಿ ಜಾಲಾಡಿದ ಕಥೆ ನಮ್ಮ ಶಿಷ್ಟ ಕಾವ್ಯಗಳಲ್ಲಿ ಅಪರೂಪ. 'ಕೋಲುಮಂಡೆ' ಹಾಡಿನಲ್ಲಿರುವುದು ಬಾಗಿಲಿಗೆ ಬಂದ ಆ ಜಂಗಮನ ಭಿಕ್ಷೆ. ಗುಡ್ಡರ ಬಾಯಲ್ಲಿ ಅದಕ್ಕೆ ಕೋರಣ್ಯ ಎಂದು ಹೆಸರು. ಸಂಕಮ್ಮನ ಉಡುಗೆಯ ಬಗ್ಗೆ ಎದ್ದ ಗಲಾಟೆಗಿಂತ ಆಕೆಯ ಹಟ ದೊಡ್ಡದು ಎಂದು ನಮಗನ್ನಿಸುತ್ತದೆ. ಆದರೆ ಅದು ಬೇರೆಯೇ ಲೇಖನದ ವಿಷಯ.

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಸೀಮೆಗೆ ಈ ಹಾಡುಗಳು ಸಿನಿಮಾದಿಂದ ಬಂದವಲ್ಲ. ಮಾದಪ್ಪನ ದೇವರಗುಡ್ಡರು ಕಂಸಾಳೆ ಹಿಡಿದು ಮನೆಮುಂದೆ ಬರುತ್ತಿದ್ದರು. ಎಚ್.ಡಿ. ಕೋಟೆಯ ಕಬಿನಿ ಹಿನ್ನೀರಿನ ದಂಡೆಯ ಭೀಮನಕೊಲ್ಲಿಯಲ್ಲಿ ಮಹದೇಶ್ವರನ ಗುಡಿಯಿದೆ, ಶಿವರಾತ್ರಿಗೆ ಅಲ್ಲಿ ಜನ ಸೇರುತ್ತಾರೆ. ಅದೇ ಶಿವರಾತ್ರಿಗೆ ಕೆ.ಆರ್. ನಗರದ ಕಡೆ ಕಾವೇರಿ ದಂಡೆಯ ಕಪ್ಪಡಿಯಲ್ಲಿ ಇನ್ನೊಂದು ಜಾತ್ರೆ ಶುರುವಾಗುತ್ತದೆ, ಯುಗಾದಿಯವರೆಗೂ ನಡೆಯುತ್ತದೆ. ಅದು ಮಂಟೇಸ್ವಾಮಿಯ ಶಿಷ್ಯ ರಾಚಪ್ಪಾಜಿಯ ಗದ್ದಿಗೆ. ಬೊಪ್ಪೇಗೌಡನಪುರ, ಚಿಕ್ಕಲ್ಲೂರು, ಕಪ್ಪಡಿ ಎಂದು ಈ ಪರಂಪರೆಯವರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಇಲ್ಲಿ ಹಾಡುವವರು ನೀಲಗಾರರು. ಮುಖ್ಯ ಹಾಡುಗಾರ ಒಂದು ಕೈಯಲ್ಲಿ ತಂಬೂರಿ ಮೀಟುತ್ತಾನೆ, ಇನ್ನೊಂದು ಕೈಯ ಬೆರಳಿನ ಗಗ್ಗರ ತಾಳ ಹಾಕುತ್ತದೆ. ಪಕ್ಕದಲ್ಲಿ ಡಕ್ಕೆಯವನು, ತಾಳದವನು. ಎಲ್ಲ ಜಾತಿಯ ಒಕ್ಕಲೂ ಇರುವ ಪರಂಪರೆ ಇದು. ಅದರ ಹೊಕ್ಕುಳು ಮಾತ್ರ ದಲಿತರ ಕೇರಿಯಲ್ಲೇ ಇದೆ. ಬಯಲಲ್ಲಿ ಬಾಡೂಟ ಬೇಯಿಸಿ ಸಾಲಾಗಿ ಕೂತು ಉಣ್ಣುವ ಪಂಕ್ತಿಸೇವೆ ಈ ಜಾತ್ರೆಗಳ ಜೀವ. ಪ್ರಾಣಿಬಲಿ ನಿಷೇಧದ ಹೆಸರಿನಲ್ಲಿ ಅದಕ್ಕೂ ತಕರಾರು ಬಂದದ್ದನ್ನು ಈಚಿನ ವರ್ಷಗಳಲ್ಲಿ ಕಂಡಿದ್ದೇವೆ.

ಈ ಹಾಡುಗಾರಿಕೆಯನ್ನು ಕಲಿಯುವ ಬಗೆಯೇ ನಮ್ಮ ವಿಷಯಕ್ಕೆ ಮುಖ್ಯ. ಹರಕೆ ಹೊತ್ತ ಮನೆಯಿಂದ ಒಬ್ಬ ಮಗನನ್ನು ಗುಡ್ಡನಾಗಿಯೋ ನೀಲಗಾರನಾಗಿಯೋ ಬಿಡುತ್ತಾರೆ. ದೀಕ್ಷೆ ಆಗಬೇಕು, ಜೋಳಿಗೆ ಹಿಡಿಯಬೇಕು. ಆಮೇಲೆ ಹಿಮ್ಮೇಳದಲ್ಲಿ ವರ್ಷಗಟ್ಟಲೆ ಕೂರಬೇಕು. ಮುಂದಾಳು ಎತ್ತಿದ ಸಾಲಿನ ಬಾಲ ಹಿಡಿದು ಹಾಡುವುದೇ ಅವನ ಪಾಠ. ಒಂದು ದಿನ ಮುಂದಾಳಿನ ಗಂಟಲು ಕಟ್ಟುತ್ತದೆ, ಇವನು ಎತ್ತಿಕೊಳ್ಳುತ್ತಾನೆ. ಆ ಹೊತ್ತಿಗೆ ಗುರುವಿನ ಕೊಂಕು, ಕೆಮ್ಮು, ಉಸಿರು ತೆಗೆದುಕೊಳ್ಳುವ ಜಾಗ ಕೂಡ ಇವನ ಹಾಡಿನಲ್ಲಿ ಸೇರಿರುತ್ತದೆ. ಕೇಳುವವರು 'ಥೇಟ್ ಅವನ ಹಾಗೇ' ಎಂದರೆ ಅದು ಹೊಗಳಿಕೆ. ಪ್ರಭಾವ ಎಂಬುದು ಇಲ್ಲಿ ಆರೋಪವಲ್ಲ, ಅರ್ಹತೆ.

ಉರ್ದು ಓದಿದವರಿಗೆ ಈ ಮಾತು ಅಪರಿಚಿತವಲ್ಲ. ಒಬ್ಬರ ಕಾವ್ಯ ಇನ್ನೊಬ್ಬರ ಕಾವ್ಯದೊಳಗೆ ಬರುವುದಕ್ಕೆ ನಮ್ಮ ಹಳಬರು ಒಂದೇ ಹೆಸರಿಟ್ಟು ಸುಮ್ಮನಾಗಲಿಲ್ಲ. ಕದ್ದರೆ ಅದು ಸರ್ಖಾ. ಇಬ್ಬರಿಗೂ ಅದೇ ಮಾತು ತಾನಾಗಿ ಹೊಳೆದಿದ್ದರೆ ತವಾರುದ್. ಇನ್ನೊಬ್ಬರ ಸಾಲನ್ನು ಎಲ್ಲರಿಗೂ ಗೊತ್ತಾಗುವಂತೆ ತಂದು ತನ್ನ ಸಾಲುಗಳ ನಡುವೆ ಕೂರಿಸಿದರೆ ತಜ್ಮೀನ್. ಮುಶಾಯಿರಾದಲ್ಲಿ ತರಹ್ ಎಂದು ಒಂದು ಸಾಲು ಮೊದಲೇ ಕೊಡುತ್ತಾರೆ. ಬಂದ ಕವಿಗಳೆಲ್ಲ ಅದೇ ಛಂದಸ್ಸು, ಅದೇ ಪ್ರಾಸದಲ್ಲಿ ಗಜಲ್ ಕಟ್ಟಬೇಕು. ಅದನ್ನು ಜಮೀನ್ ಎನ್ನುತ್ತಾರೆ. ಒಬ್ಬರ ಜಮೀನಿನಲ್ಲಿ ಇನ್ನೊಬ್ಬರು ಬೆಳೆ ತೆಗೆಯುವುದು! ಕವ್ವಾಲರು ಹಾಡಿನ ಮಧ್ಯೆ ಬೇರೆ ಕವಿಯ ದ್ವಿಪದಿಯನ್ನು ತಂದು ಸೇರಿಸುವುದಕ್ಕೆ ಗಿರಹ್ ಎಂದು ಹೆಸರು, ಅಂದರೆ ಗಂಟು. ಗಂಟು ಕಣ್ಣಿಗೆ ಕಾಣಬೇಕು. ಕಾಣದಂತೆ ಹೊಲಿದರೆ ಅದು ಗಿರಹ್ ಅಲ್ಲ.

ಇದರ ದೊಡ್ಡ ಉದಾಹರಣೆ ಅಮೀರ್ ಖುಸ್ರೋ. ಗಂಜಾದ ನಿಜಾಮಿ ಐದು ಮಸ್ನವಿಗಳ 'ಖಮ್ಸಾ' ಬರೆದ ಸುಮಾರು ನೂರು ವರ್ಷದ ಮೇಲೆ, ದಿಲ್ಲಿಯಲ್ಲಿ ಕೂತು ಖುಸ್ರೋ ಐದಕ್ಕೆ ಐದೂ ಮಸ್ನವಿಗಳನ್ನು ಅವೇ ಛಂದಸ್ಸುಗಳಲ್ಲಿ ಮತ್ತೆ ಬರೆದ. ಮುಚ್ಚುಮರೆ ಇಲ್ಲ, ಸವಾಲು ಹಾಕಿಯೇ ಬರೆದದ್ದು. ನಿಜಾಮಿಯದು 'ಲೈಲಾ ಮಜ್ನೂನ್' ಆದರೆ ಖುಸ್ರೋನದು 'ಮಜ್ನೂನ್ ಲೈಲಾ'. ನಿಜಾಮಿಯದು 'ಖುಸ್ರೋ ಶೀರೀನ್', ಇವನದು 'ಶೀರೀನ್ ಖುಸ್ರೋ'. ನಿಜಾಮಿ ಏಳು ಸುಂದರಿಯರ ಕಥೆ ಹೇಳಿದರೆ ಇವನು ಎಂಟು ಸ್ವರ್ಗಗಳ ಕಥೆ ಹೇಳಿದ, ಒಂದು ಹೆಚ್ಚಿಗೆ ಇರಲಿ ಎಂಬಂತೆ. ಹೆಸರಿನಲ್ಲೇ ಸಾಲವನ್ನೂ ಕೀಟಲೆಯನ್ನೂ ಒಟ್ಟಿಗೆ ಇಟ್ಟ.

ಈಗ ಕ್ಯಾಸೆಟ್ಟಿನ ಕಾಲಕ್ಕೆ ಬರೋಣ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್ ನೋಡಿದವರಿಗೆ ಗೊತ್ತು, ಬೇಯಿಸುವ ಐದಾರು ದಿನ ಬೆಂಕಿ ಆರುವಂತಿಲ್ಲ, ಏರುವಂತೆಯೂ ಇಲ್ಲ. ಹಗಲೂ ರಾತ್ರಿ ಯಾರಾದರೂ ಒಲೆಯ ಬಾಯಲ್ಲಿ ಕೂತು ಸೌದೆ ಒಡ್ಡುತ್ತಿರಬೇಕು. ಮಳೆಗಾಲದ ಆ ರಾತ್ರಿಗಳಿಗೆ ಜೊತೆ ಎಂದರೆ ಮೊದಲು ಹಾಡುಗಾರರು, ಆಮೇಲೆ ರೇಡಿಯೊ, ಆಮೇಲೆ ಟೇಪ್‌ರೆಕಾರ್ಡರ್. ಬ್ಯಾಂಡು ಎಂದರೆ ನಮ್ಮ ಪೇಟೆಗಳಲ್ಲಿ ಮದುವೆಯ ಬ್ಯಾಂಡ್‌ಸೆಟ್ಟೇ, ಬೇರೆ ಅರ್ಥವಿರಲಿಲ್ಲ. ಆ ಟೇಪ್‌ರೆಕಾರ್ಡರುಗಳ ಮೂಲಕ ನಮ್ಮ ಸೀಮೆಗೆ ಬಂದ ಒಬ್ಬ ಹೊಸಬರೇ ಶಿಶುನಾಳ ಷರೀಫರು.

ಹೊಸಬರು ಎಂದದ್ದಕ್ಕೆ ಯಾರೂ ಕೋಪಿಸಿಕೊಳ್ಳಬಾರದು. ಷರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಶಿಗ್ಗಾವಿ ಕಡೆಯ ಶಿಶುವಿನಹಾಳ ಅವರ ಊರು. ಧಾರವಾಡ, ಹಾವೇರಿ ಸೀಮೆಯ ಭಜನೆಯವರು ಅವರ ತತ್ವಪದಗಳನ್ನು ಏಕತಾರಿಯ ಮೇಲೆ ಬಾಯಿಂದ ಬಾಯಿಗೆ ಉಳಿಸಿದ್ದರು. ನಮ್ಮ ಮೈಸೂರು ಕಡೆಗೆ ಆ ಸರಪಳಿ ಮುಟ್ಟಿದ್ದು ಕಡಿಮೆ. ನಮಗೆ ಅವರನ್ನು ತಂದು ಮುಟ್ಟಿಸಿದವರು ಸಿ. ಅಶ್ವಥ್, ಶಿವಮೊಗ್ಗ ಸುಬ್ಬಣ್ಣ ಅವರಂಥ ಗಾಯಕರು. 1990ರಲ್ಲಿ ನಾಗಾಭರಣರೇ 'ಸಂತ ಶಿಶುನಾಳ ಷರೀಫ' ಸಿನಿಮಾ ಮಾಡಿದರು. ಶ್ರೀಧರ್ ಷರೀಫರಾಗಿ, ಗಿರೀಶ ಕಾರ್ನಾಡರು ಗುರು ಗೋವಿಂದ ಭಟ್ಟರಾಗಿ ನಟಿಸಿದರು, ಸಂಗೀತ ಅಶ್ವಥ್ ಅವರದು. ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿಯೂ ಆ ಸಿನಿಮಾಕ್ಕೆ ಬಂತು. ಅಶ್ವಥ್ ಅವರ ಷರೀಫರು ಗಂಟಲು ಹರಿದು ಕೂಗುವ ಷರೀಫರು. ಭಜನೆಯ ಮನೆಯ ತಣ್ಣನೆಯ ಷರೀಫರನ್ನು ಕೇಳಿ ಬಂದವರಿಗೆ ಅದು ಅತಿ ಅನ್ನಿಸಿದ್ದೂ ಉಂಟು. ನಮಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಸಾವಿರಾರು ಜನ ಸೇರುವ ಮೈದಾನಕ್ಕೆ ಒಂದು ಕಂಠ ಬೇಕಿತ್ತು, ಅವರು ಕೊಟ್ಟರು.

2008ರಲ್ಲಿ ರಘು ದೀಕ್ಷಿತ್ ಅವರ ಬ್ಯಾಂಡಿನ ಮೊದಲ ಆಲ್ಬಂ 'ಅಂತರಾಗ್ನಿ' ಬಂತು. ಮೈಸೂರಿನಲ್ಲಿ ಬೆಳೆದವರು, ಸೂಕ್ಷ್ಮಜೀವಿಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ಆ ಆಲ್ಬಮ್ಮಿನ ಹೆಚ್ಚಿನ ಹಾಡುಗಳು ಹಿಂದಿ. ಕನ್ನಡದಲ್ಲಿ ಇದ್ದದ್ದು ಷರೀಫರು, ಗುಡುಗುಡಿ ಸೇದುವ ಪದ ಮತ್ತು ಸೋರುವ ಮನೆಯ ಮಾಳಿಗೆಯ ಪದ. (ಸಿಗರೇಟಿಗೆ ಹೊಗೆಸೊಪ್ಪು ಬೆಳೆಯುವ ನಮ್ಮ ತಾಲ್ಲೂಕುಗಳಿಗೆ ಗುಡುಗುಡಿಯ ಪದ ಬೇಗ ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ.) ಗಿಟಾರು, ಪಿಟೀಲು, ಡ್ರಮ್ಮು, ಕಾಲಿಗೆ ಗೆಜ್ಜೆ, ಸೊಂಟಕ್ಕೆ ಲುಂಗಿ. ಧಾಟಿ ಅವರದೇ. ಆದರೂ ಮೈಸೂರಿನಲ್ಲಿ ಆ ಕಾಲಕ್ಕೆ ಬೆಳೆದವರಲ್ಲಿ ಬಹುಪಾಲು ಜನರಿಗೆ ಷರೀಫರು ಮೊದಲು ಸಿಕ್ಕಿದ್ದು ಅಶ್ವಥ್ ಗಂಟಲಲ್ಲಿ. ಅಶ್ವಥ್ ಉತ್ತು ಹದ ಮಾಡಿದ ಜಮೀನು ಅದು. 2010ರಲ್ಲಿ ಆ ಬ್ಯಾಂಡು ಬ್ರಿಟನ್ನಿನ ಟಿವಿಯಲ್ಲಿ, ಜೂಲ್ಸ್ ಹಾಲೆಂಡರ ಸಂಗೀತ ಕಾರ್ಯಕ್ರಮದಲ್ಲಿ ಹಾಡಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಷರೀಫರ ಪದ ಯಾರೇ ಹಾಡಲಿ, ಯಾವ ವಾದ್ಯಕ್ಕೇ ಹಾಡಲಿ, ಕೊನೆಗೆ ಶಿಶುನಾಳಾಧೀಶ ಬಂದೇ ಬರುತ್ತಾನೆ. ಅಂಕಿತ ಹಾಡಿನ ಒಳಗೇ ಕೂತಿದೆ. ಅದನ್ನು ಕಿತ್ತರೆ ಪದವೇ ಕಳಚುತ್ತದೆ. ಗಜಲಿನ ಕೊನೆಯ ದ್ವಿಪದಿಯಲ್ಲಿ ಕವಿ ತನ್ನ ತಖಲ್ಲುಸ್ ಇಡುವ ಹಾಗೆ. ಸಾಲಪತ್ರವನ್ನು ಹಾಡಿನ ಹೊಟ್ಟೆಯಲ್ಲೇ ಬಚ್ಚಿಟ್ಟ ಜಾಣತನ ಇದು. ಕಂಸಾಳೆಯ ಹಾಡಿನಲ್ಲಿ ದೇವರ ಹೆಸರಿದೆ, ಗುರುವಂದನೆ ಇದೆ. ಆದರೆ ಹಾಡಿದ ಗುಡ್ಡನ ಹೆಸರು ಹಾಡಿನ ಒಳಗಿಲ್ಲ. ಅದು ಕೇಳುವವರ ನೆನಪಿನಲ್ಲಿ ಮಾತ್ರ ಇರುತ್ತದೆ. ಸಿನಿಮಾದವರು ಬಂದು ಒಂದು ಸಾಲನ್ನೋ ಧಾಟಿಯನ್ನೋ ಎತ್ತಿಕೊಂಡಾಗ ಮೊದಲು ಉದುರುವುದು ಆ ಹೆಸರು. ಅದರ ಜಾಗಕ್ಕೆ 'ಜಾನಪದ' ಎಂಬ ಮಾತು ಬರುತ್ತದೆ. ವಾರಸುದಾರರಿಲ್ಲದ ಆಸ್ತಿ ಎಂದು ಓದಿಕೊಳ್ಳಬೇಕು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ಕರ್ತೃವಿನ ಆಯುಷ್ಯ ಮತ್ತು ಆಮೇಲಿನ 60 ವರ್ಷವನ್ನು ಎಣಿಸುತ್ತದೆ. ಕರ್ತೃವೇ ಗೊತ್ತಿಲ್ಲದ, ತಲೆಮಾರುಗಳು ಕೂಡಿ ಕಟ್ಟಿದ ಹಾಡನ್ನು ಅದು ಎಲ್ಲಿಂದ ಎಣಿಸಬೇಕು?

ಪ್ರಭಾವದ ಈ ಪ್ರಶ್ನೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಪಶ್ಚಿಮದಲ್ಲಿ ಪಂಕ್ ಎಂಬ ಸಂಗೀತ ಹುಟ್ಟಿದಾಗ ಅದರ ಹೆಮ್ಮೆಯೇ 'ನಾವು ಯಾರ ಶಿಷ್ಯರೂ ಅಲ್ಲ' ಎಂಬುದಾಗಿತ್ತು. ಹರಿದ ಬಟ್ಟೆ, ಮೂರೇ ಸ್ವರಮೇಳ, ಎರಡು ನಿಮಿಷದ ಹಾಡು. ನ್ಯೂಯಾರ್ಕಿನ ರಾಮೋನ್ಸ್ ತಂಡದ ಮೊದಲ ಆಲ್ಬಂ 1976ರ ಏಪ್ರಿಲ್‌ನಲ್ಲಿ ಬಂತು. 14 ಹಾಡು, ಅರ್ಧ ಗಂಟೆಯೂ ಇಲ್ಲ. ಅದೇ ಜುಲೈ 4ರಂದು ಅವರು ಲಂಡನ್ನಿನಲ್ಲಿ ಹಾಡಿದರು. ಆಮೇಲಿನ ವರ್ಷಗಳಲ್ಲಿ ಅವರಂತೆಯೇ ಹಾಡುವ ತಂಡಗಳು ಲೆಕ್ಕವಿಲ್ಲದಷ್ಟು ಹುಟ್ಟಿದವು. 1992ರಲ್ಲಿ ಷಿಕಾಗೊದ ಸ್ಕ್ರೀಚಿಂಗ್ ವೀಸಲ್ ಎಂಬ ತಂಡ ಆ ಮೊದಲ ಆಲ್ಬಮ್ಮನ್ನು ಇಡಿಯಾಗಿ, ಆ ಹಾಡುಗಳನ್ನೇ, ಮತ್ತೆ ಹಾಡಿ ಹೊರತಂದಿತು. ಗುರುವೇ ಬೇಡ ಎಂದವರ ಮಕ್ಕಳು ಹದಿನಾರು ವರ್ಷದಲ್ಲಿ ಹಿಮ್ಮೇಳಕ್ಕೆ ಬಂದು ಕೂತರು. ಖುಸ್ರೋ ಇದ್ದಿದ್ದರೆ ನಗುತ್ತಿದ್ದ.

ಪಂಕಿನ ಕೊಳಕು ಮೈ, ಉಗುಳು, ಬೈಗುಳ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ನೀಲಗಾರರ ಕಾವ್ಯದಲ್ಲಿ ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಬರುವ ಭಾಗ ಕೇಳಬೇಕು. ಕೊಳೆತು ನಾರುವ ಮೈಯ ರೋಗಿಯಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಜಾತಿ ಬಿಟ್ಟೆವು ಎಂದ ಕಲ್ಯಾಣದ ಜಂಗಮರು ಮೂಗು ಮುಚ್ಚಿಕೊಂಡು ಓಡುತ್ತಾರೆ. ವಚನದವರ ಕನಸನ್ನು ಪೂರ್ತಿ ಕಡ ತಂದು, ಆ ಕನಸಿನ ಬಾಗಿಲಲ್ಲೇ ನಿಂತು ವಚನದವರನ್ನು ಪರೀಕ್ಷೆ ಮಾಡುವ ಕಾವ್ಯ ಅದು. ಸಾಲ ತೀರಿಸುವ ಬಗೆಗಳಲ್ಲಿ ಜಗಳವೂ ಒಂದು. ಹೀಗೆ ಜಗಳ ಮಾಡುವಷ್ಟು ಹತ್ತಿರದ ನಂಟು 2020ರ ರ‍್ಯಾಪ್ ಹಾಡಿಗೂ ಸಂಕಮ್ಮನಿಗೂ ಇರಲಿಲ್ಲ. ಅದರ ಕೊರತೆ ಅದು. ರ‍್ಯಾಪ್ ಆದದ್ದು ಕೊರತೆಯಲ್ಲ.

ಇನ್ನು ನಮ್ಮ ಮನೆಯ ಮಾತು. ಷರೀಫರನ್ನು ಎಲ್ಲರೂ ಎತ್ತಿಕೊಂಡರು, ನಾವೇನು ಮಾಡಿದೆವು? ಇಮಾಮ್ ಸಾಹೇಬರ ಮಗ, ಹಜರೇಶ ಖಾದರಿಯವರ ಪರಂಪರೆಗೆ ನಡೆದುಕೊಂಡ ಮನೆತನ. ಕಳಸದ ಬ್ರಾಹ್ಮಣ ಗುರುವಿನ ಶಿಷ್ಯ ಎಂಬ ಕಾರಣಕ್ಕೆ ನಮ್ಮಲ್ಲಿ ಕೆಲವರಿಗೆ ಅವರು ಬೇಡವಾದರು. ವಾದ್ಯದ ಹಲಾಲು, ಹರಾಮಿನ ಚರ್ಚೆ ಬೇರೆ. ಅದನ್ನು ಬಲ್ಲವರು ಮಾಡಲಿ. ಹಾಡದಿದ್ದರೂ ಓದಬಹುದಿತ್ತು. ಉರ್ದು ಶಾಲೆಯಲ್ಲಿ ಕಲಿತ ಮಗುವಿಗೆ ಖುಸ್ರೋನ ಒಗಟು ಗೊತ್ತಿರುತ್ತದೆ, ಷರೀಫರ ಒಗಟು ಗೊತ್ತಿರುವುದಿಲ್ಲ. ಎರಡೂ ಒಂದೇ ಕುಲುಮೆಯವು. ಅತ್ತ ವೇದಿಕೆಗಳಲ್ಲಿ ಷರೀಫರು ಸೌಹಾರ್ದದ ಹಾರವಾದರು. ಗಲಭೆಯಾದ ಊರಿನಲ್ಲಿ ಶಾಂತಿಸಭೆ ಕರೆದರೆ ಅವರ ಪದ ಇದ್ದೇ ಇರುತ್ತದೆ, ಸಭೆ ಮುಗಿದ ಮೇಲೆ ಅವರನ್ನು ಮಡಚಿ ಒಳಗಿಡುತ್ತಾರೆ. ಇತ್ತ ನಾವು ಬಾಗಿಲು ಹಾಕಿಕೊಂಡೆವು. ಅವರು ತೀರಿದಾಗ ಕುರ್‌ಆನ್ ಓದುವವರೂ ಮಂತ್ರ ಹೇಳುವವರೂ ಒಟ್ಟಿಗೆ ನಿಂತರೆಂದು ಜನ ಹೇಳುತ್ತಾರೆ. ಇವತ್ತಿಗೂ ಶಿಶುವಿನಹಾಳದ ಗದ್ದಿಗೆಗೆ ಇಬ್ಬರೂ ಬರುತ್ತಾರೆ. ಆ ಆಸ್ತಿಯ ಒಂದು ಪಾಲನ್ನು ನಾವಾಗಿಯೇ ಬಿಟ್ಟುಕೊಟ್ಟು, ಅದನ್ನು ಲುಂಗಿಯುಟ್ಟ ಹುಡುಗ ಗಿಟಾರಿನಲ್ಲಿ ಹಾಡಿದಾಗ ಮೂಗು ಮುರಿಯುವುದು ನ್ಯಾಯವಲ್ಲ.

ಲೆಕ್ಕ ಇಟ್ಟವರೂ ಇದ್ದಾರೆ. 1970ರ ದಶಕದಲ್ಲಿ ಪಿ.ಕೆ. ರಾಜಶೇಖರರಂಥವರು ಗುಡ್ಡರ ಎದುರು ಕೂತು ಬರೆದುಕೊಂಡರು. 1990ರ ದಶಕದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈ ಕಾವ್ಯಗಳನ್ನು ದೊಡ್ಡ ಸಂಪುಟಗಳಾಗಿ ತಂದಿತು. ಹೆಬ್ಬಣಿ ಮಾದಯ್ಯ ಎಂಬ ಹಾಡುಗಾರನ ಹೆಸರು ಮಲೆ ಮಾದೇಶ್ವರ ಕಾವ್ಯದ ಜೊತೆಗೆ ಹೀಗೆ ಉಳಿಯಿತು, ಇಂಗ್ಲಿಷಿಗೂ ಹೋಯಿತು. ಒಂದು ಹೆಸರು ಬರೆಯಲು ಒಂದು ಸಾಲು ಸಾಕು. ಸಿನಿಮಾದ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಅಷ್ಟು ಜಾಗ ಇದ್ದೇ ಇತ್ತು.

2020ರಲ್ಲಿ ಸಂಕಮ್ಮನ ಉಡುಗೆಯ ಬಗ್ಗೆ ಮಾತಾಡಿದವರು ಬಹಳ. 1996ರಲ್ಲಿ ಅದೇ ಹಾಡು ಊರೂರಲ್ಲಿ ಮೊಳಗುತ್ತಿದ್ದಾಗ, ಜೋಳಿಗೆ ಹಿಡಿದು ಕೋರಣ್ಯಕ್ಕೆ ಹೊರಟ ಗುಡ್ಡರಿಗೆ ಅದರಿಂದ ಏನು ಬಂತೆಂದು ಯಾರಾದರೂ ಕೇಳಿದ್ದು ನಮ್ಮ ಕಿವಿಗೆ ಬಿದ್ದಿಲ್ಲ.